ಮೂರರಲ್ಲಿ ದೊಡ್ಡದು

“ಪುಸ್ತಕ ನೋಡೇ, ಪುಸ್ತಕ! ಕಣ್ಣಿದೆ ತಾನೆ ನಿನಗೆ? ತೊಂಬತ್ತೈದು ಅಂತ ಬರೆದಿದೆ. ನಿನ್ನೊಬ್ಬಳ ಕಣ್ಣಿಗೇ ಯಾಕೆ ಮಗು ಕೈಬಿಟ್ಟು ಹೋಗೋ ಹಾಗೆ ಕಾಣುತ್ತೆ?”

“ಪುಸ್ತಕ ಹಾಲು ಕುಡಿಯಲ್ಲ ಅತ್ತೆ. ಮಗು ಕುಡೀಬೇಕು. ಒಂದು ಗಂಟೆಯಿಂದ ಕೂತಿದ್ದೀನಿ, ಬಾಟಲಿ ಅರ್ಧ ಇಳಿದಿಲ್ಲ.”

“ನೀನು ಹಿಡಿಯೋ ರೀತಿಯೇ ಸರಿ ಇಲ್ಲ. ಮಗೂನ ಎತ್ಕೊಂಡಿದ್ದೀಯೋ, ಗ್ಯಾಸ್ ಸಿಲಿಂಡರ್ ಎತ್ಕೊಂಡಿದ್ದೀಯೋ?”

“ಹಾಗಾದ್ರೆ ನೀವೇ ಕುಡಿಸಿ. ತಗೊಳ್ಳಿ!”

ಸೊಸೆ ಮಗುವನ್ನು ಅತ್ತೆಯ ಮಡಿಲಿಗೆ ಇಟ್ಟಳು. ಇಟ್ಟಳು ಅನ್ನುವುದಕ್ಕಿಂತ ತುರುಕಿದಳು ಅಂದರೆ ಸರಿ. ಬಾಟಲಿ ಉರುಳಿ ಒಲೆಕಟ್ಟೆಯ ಕೆಳಗೆ ಹೋಯಿತು. ನಾಲ್ಕು ತಿಂಗಳ ಹೆಣ್ಣು ಮಗು ಅಳಲಿಲ್ಲ. ಅಳುವಷ್ಟು ಉಸಿರು ಅದಕ್ಕೆ ಮಿಗುತ್ತಿರಲಿಲ್ಲ. ಹಣೆಯ ತುಂಬ ಬೆವರು. ಎದೆಯ ಮೇಲಿನ ಆಪರೇಷನ್ ಗುರುತು ಬೇಗಬೇಗ ಏರಿ ಇಳಿಯುತ್ತಿತ್ತು.

ಹಿತ್ತಲಲ್ಲಿ ಹೊಲಿಗೆ ಯಂತ್ರ ನಿಂತಿತು. ಗಂಡ ಬಾಗಿಲಿಗೆ ಬಂದ. ಅಂಗಿಯ ತುಂಬ ದಾರದ ಚೂರು.

“ಏನಿದು ಬೆಳಬೆಳಗ್ಗೆ? ಬೀದಿಗೆಲ್ಲ ಕೇಳ್ತಿದೆ.”

“ಕೇಳ್ಲಿ. ಆಸ್ಪತ್ರೆಗೆ ಹೋಗೋಣ ಅಂತಿದ್ದೀನಿ, ಬೇರೇನೂ ಇಲ್ಲ.”

“ಮುಂದಿನ ತಿಂಗಳು ಬನ್ನಿ ಅಂತ ತಾರೀಖು ಕೊಟ್ಟಿದ್ದಾರಲ್ಲ.”

“ಅದಕ್ಕೆ ಇನ್ನೂ ಇಪ್ಪತ್ತಾರು ದಿನ ಇದೆ.”

ಗಂಡ ಒಳಕೋಣೆಯ ಕಡೆ ಕತ್ತು ಚಾಚಿದ. “ಅಪ್ಪಾ, ಇವತ್ತು ಎಷ್ಟು ಬಂತು?”

“ತೊಂಬತ್ತೈದು,” ಎಂದಿತು ಮುದುಕನ ದನಿ. “ನಿನ್ನೆ ಸಂಜೆ ತೊಂಬತ್ನಾಲ್ಕು.”

“ಕೇಳಿಸ್ತಾ?” ಎಂದ ಗಂಡ.

ಕೇಳಿಸಿತು. ಆ ದನಿ ಒಂದು ಅಂಕಿ ಹೇಳಿದ ಮೇಲೆ ಆ ಮನೆಯಲ್ಲಿ ಯಾರೂ ಎದುರು ಮಾತಾಡುತ್ತಿರಲಿಲ್ಲ. ಸೊಸೆ ಬಗ್ಗಿ ಬಾಟಲಿ ಹುಡುಕಿದಳು.

ಅದು ಟಾರ್ಪಾಲು ಹೊಲಿಯುವ ಮನೆ. ಲಾರಿಯ ಹೊದಿಕೆ, ಅಂಗಡಿ ಮುಂದಿನ ನೆರಳು, ನೀರಿನ ಟ್ಯಾಂಕಿನ ಮುಸುಕು ಎಲ್ಲ ಹೊಲಿಯುತ್ತಿದ್ದರು. ಮುಂದೆ ಎರಡು ಕೋಣೆ, ಒಂದು ಅಡುಗೆಮನೆ; ಹಿಂದೆ ಮನೆಗಿಂತ ದೊಡ್ಡ ಹಿತ್ತಲು. ಹಿತ್ತಲಿಗೆ ಮೇಲೆ ನೀಲಿ ಟಾರ್ಪಾಲು, ಕೆಳಗೆ ಎರಡು ಭಾರಿ ಯಂತ್ರ, ನಡುವೆ ಕತ್ತರಿಸುವ ಉದ್ದನೆಯ ಮೇಜು. ಮಾವನನ್ನು ಬೀದಿಯವರು ಟೇಪಿನಜ್ಜ ಅನ್ನುತ್ತಿದ್ದರು. ಊಟಕ್ಕೆ ಕೂತಾಗಲೂ ಅಳತೆ ಟೇಪು ಅವನ ಕೊರಳಲ್ಲೇ. ಲಾರಿ ಬಂದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಮೂರು ಸಲ ಅಳೆಯುತ್ತಿದ್ದ. ಮೂರೂ ಸಲ ಒಂದೇ ಬರುವುದಿಲ್ಲ. ಟೇಪು ಜೋಲುತ್ತದೆ, ಹೊರೆ ಉಬ್ಬಿರುತ್ತದೆ. ಮೂರರಲ್ಲಿ ದೊಡ್ಡದನ್ನು ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆದು ಅದಕ್ಕೇ ಕತ್ತರಿಸುತ್ತಿದ್ದ. “ಉದ್ದ ಆದ್ರೆ ಅಂಚಲ್ಲಿ ಮಡಚಿ ಹೊಲೀಬಹುದು. ಗಿಡ್ಡ ಆದ್ರೆ ಮಳೆ ಹತ್ರ ಹೋಗಿ ಸ್ವಲ್ಪ ಆಚೆ ಸುರಿಯಪ್ಪ ಅಂತ ಹೇಳೋಕಾಗುತ್ತಾ?” ಅನ್ನುತ್ತಿದ್ದ. ನಲವತ್ತು ವರ್ಷದಲ್ಲಿ ಅವನು ಕತ್ತರಿಸಿದ ಒಂದು ಹೊದಿಕೆಯೂ ಗಿಡ್ಡವಾಯಿತೆಂದು ವಾಪಸ್ ಬಂದಿರಲಿಲ್ಲ.

ಮಗು ಹುಟ್ಟಿದಾಗ ದುಂಡಗಿತ್ತು. ಅಜ್ಜ ಅದಕ್ಕೆ ಉಂಡೆ ಎಂದ, ದಾರದ ಉಂಡೆಯ ಹಾಗಿದೆ ಅಂತ. ತೊಟ್ಟಿಲು ಹಿತ್ತಲಿಗೆ ಬಂತು, ಯಂತ್ರದ ಸದ್ದಿಗೆ ಮಗು ಚೆನ್ನಾಗಿ ನಿದ್ದೆ ಮಾಡುತ್ತಿತ್ತು. ಎರಡನೇ ವಾರದಲ್ಲಿ ತಾಯಿ, “ಇವಳ ತುಟಿ ಯಾಕೋ ನೀಲಿ ಕಾಣುತ್ತೆ,” ಅಂದಾಗ ಎಲ್ಲರೂ ನಕ್ಕರು. ಆ ಟಾರ್ಪಾಲಿನ ಕೆಳಗೆ ಯಾರು ನೀಲಿಯಾಗಿರಲಿಲ್ಲ? ಅತ್ತೆಯ ಬಿಳಿ ಕೂದಲೂ ನೀಲಿ, ಲೋಟದ ಹಾಲೂ ನೀಲಿ. ಮೂರನೇ ವಾರ ನಾದಿನಿ ಮಗುವನ್ನು ಎತ್ತಿಕೊಂಡು ಬೀದಿಗೆ ಹೋದಳು. ಬಿಸಿಲಿನಲ್ಲೂ ಅದು ನೀಲಿಯಾಗಿಯೇ ಇತ್ತು. ಆವತ್ತೇ ಆಸ್ಪತ್ರೆ, ಮರುದಿನವೇ ಆಪರೇಷನ್.

ಡಾಕ್ಟರಮ್ಮ ಚಿತ್ರ ಬರೆದು ಹೇಳಿದ್ದರು. ಶ್ವಾಸಕೋಶದಿಂದ ಶುದ್ಧ ರಕ್ತ ತರುವ ನಾಲ್ಕು ರಕ್ತನಾಳ ಹೃದಯದ ಎಡಕ್ಕೆ ಸೇರಬೇಕು. ಇವಳಿಗೆ ಹುಟ್ಟುವಾಗಲೇ ನಾಲ್ಕೂ ಬಲಕ್ಕೆ ಹೋಗಿ ಕೆಟ್ಟ ರಕ್ತದ ಜೊತೆ ಬೆರೆಯುತ್ತಿವೆ. ಬಿಡಿಸಿ ಎಡಕ್ಕೆ ಹೊಲಿಯುತ್ತೇವೆ. ಇಷ್ಟೇ ಮಾತು ಮನೆಗೆ ಬರುವಷ್ಟರಲ್ಲಿ ಮೂರು ಕತೆಯಾಯಿತು. ಅತ್ತೆ, ಹೃದಯದಲ್ಲಿ ತೂತಿತ್ತು, ಮುಚ್ಚಿದರು ಅಂದಳು. ಗಂಡ, ಪೈಪು ಅದಲುಬದಲಾಗಿತ್ತು ಅಂದ. ನಾದಿನಿ ಸಿಟಿ ಬಸ್ಸಿನ ಕಂಡಕ್ಟರ್. ಮನೆಯಲ್ಲೂ ಅವಳ ಹೆಸರು ಕಂಡಕ್ಟರೇ. ಅವಳು, “ನಾಲ್ಕು ಬಸ್ಸೂ ತಪ್ಪು ಸ್ಟ್ಯಾಂಡಿಗೆ ಹೋಗ್ತಿದ್ವು, ಈಗ ಬೋರ್ಡ್ ಬದಲಾಯಿಸಿದ್ದಾರೆ,” ಎಂದು ಬೀದಿಗೆಲ್ಲ ಹೇಳಿದಳು. ಹೇಗಾದರೂ ಆಗಲಿ, ಆಪರೇಷನ್ ಚೆನ್ನಾಗಿ ಆಯಿತು. ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳಿಗೆ ಮುಂದೆ ಏನೂ ತೊಂದರೆಯಿಲ್ಲ ಅಂದರು. ಎಲ್ಲರಿಗೂ ಒಂಬತ್ತು ಕೇಳಿಸಿತು.

ಮನೆಗೆ ಕಳಿಸುವಾಗ ನರ್ಸು, ಮಗುವಿನ ಬಣ್ಣ ನೋಡ್ತಾ ಇರಿ ಅಂದಳು. ಅಜ್ಜ, ನಮ್ಮನೇಲಿ ಬಣ್ಣ ನಂಬೋ ಹಾಗಿಲ್ಲ ತಾಯಿ ಅಂದ. ಹಾಗಾದರೆ ಕಾಲಿಗೆ ಹಾಕುವ ಈ ಸಣ್ಣ ಯಂತ್ರ ತಗೊಳ್ಳಿ, ರಕ್ತದಲ್ಲಿ ಉಸಿರು ಎಷ್ಟಿದೆ ಅಂತ ಅಂಕಿ ತೋರಿಸುತ್ತೆ, ಬೆಳಗ್ಗೆ ಸಂಜೆ ಮೂರು ಸಲ ನೋಡಿ ಬರೀರಿ ಅಂದಳು. ಅಳತೆ ಅಂದ ಮೇಲೆ ಅದು ಅಜ್ಜನ ಕೆಲಸ. ಸೊಸೆ ಅಡುಗೆಮನೆಯಲ್ಲಿರುವ ಹೊತ್ತಿಗೆ ಅತ್ತೆ ಮಗು ಹಿಡಿಯುತ್ತಿದ್ದಳು, ಅಜ್ಜ ಅಳೆಯುತ್ತಿದ್ದ. ಗೆರೆ ಹಾಕಿದ ಪುಸ್ತಕ, ತಾರೀಖು, ದುಂಡನೆಯ ಅಕ್ಷರ. ಎರಡನೇ ತಿಂಗಳ ತಪಾಸಣೆಯಲ್ಲಿ ಡಾಕ್ಟರಮ್ಮ, “ಇಷ್ಟು ನೀಟಾಗಿ ಯಾರೂ ಬರೆಯಲ್ಲ ಅಜ್ಜ,” ಅಂದಿದ್ದರು. ಆ ಮಾತನ್ನು ಅಜ್ಜ ಒಂದು ವಾರ ಎಲ್ಲರಿಗೂ ಹೇಳಿದ್ದ.

ಬಾಟಲಿಯ ಜಗಳವಾದ ಮರುದಿನ ಸೊಸೆ ಯಾರಿಗೂ ಹೇಳದೆ ಆಸ್ಪತ್ರೆಗೆ ಫೋನು ಮಾಡಿದಳು.

“ಮಗು ಕುಡಿಯೋವಾಗ ತುಂಬ ಬೆವರುತ್ತೆ ಸಿಸ್ಟರ್.”

“ಅಂಕಿ ಎಷ್ಟಿದೆ?”

“ತೊಂಬತ್ತೈದು. ಮಾವ ಬರೆದಿಟ್ಟಿದ್ದಾರೆ.”

“ಹಾಗಾದ್ರೆ ಗಾಬರಿ ಬೇಡ. ಸೆಕೆಗೆ ಇರ್ಬೇಕು. ತಾರೀಖಿಗೆ ಬನ್ನಿ.”

ಫೋನು ಇಟ್ಟು ಅವಳು ಈರುಳ್ಳಿ ಹೆಚ್ಚುತ್ತ ಕೂತಳು. ತನಗೇ ತಲೆ ಕೆಟ್ಟಿದೆಯೇನೋ ಅನ್ನಿಸಿತು. ಅಂಕಿ ಸರಿ ಇದೆ, ನರ್ಸು ಸರಿ ಅಂದಳು, ಗಂಡ ಸರಿ ಅಂದ. ಮಗುವಿನ ತೊಡೆ ಮಾತ್ರ ದಿನದಿನಕ್ಕೆ ಸಣ್ಣಗಾಗುತ್ತಿತ್ತು. ಊಟಕ್ಕೆ ಕೂತಾಗ ಅತ್ತೆ, “ಬೇಳೆಗೆ ಉಪ್ಪೇ ಹಾಕಿಲ್ಲ, ಎಲ್ಲಿಟ್ಟಿದ್ದೀಯ ತಲೆ?” ಅಂದಳು.

“ಅತ್ತಿಗೆ ತಲೆ ಹಾಲಿನ ಬಾಟಲೀಲಿದೆ,” ಎಂದಳು ಕಂಡಕ್ಟರ್. “ಅಮ್ಮಾ, ಉಪ್ಪು ಕೈಗೆಟುಕೋ ಹಾಗೇ ಇದೆ. ನಿನಗೂ ಕೈ ಇದೆ.”

“ನೋಡ್ರೀ ನಿಮ್ಮ ಮಗಳ ಬಾಯಿ!”

ಅಜ್ಜ ತಟ್ಟೆಯಿಂದ ತಲೆ ಎತ್ತಲಿಲ್ಲ. “ಉಂಡೆ ಚೆನ್ನಾಗಿದ್ದಾಳೆ,” ಅಂದ. “ದಿನಾ ಅಳೀತಿದ್ದೀನಲ್ಲ.”

ಹೀಗೆ ಇನ್ನೊಂದು ವಾರ ಹೋಯಿತು. ಮಗುವಿಗೆ ಕೆಮ್ಮು ಶುರುವಾಯಿತು. ಅತ್ತೆ ಎದೆಗೆ ಎಣ್ಣೆ ಹಚ್ಚಿದಳು. ಗಂಡ ಒಂದು ಗೋದಾಮಿಗೆ ಹೊದಿಕೆ ಹೊಲಿಯುವ ಕೆಲಸ ಹಿಡಿದಿದ್ದ, ಊಟಕ್ಕೂ ಹೊಲಿಗೆ ಯಂತ್ರ ಬಿಟ್ಟು ಏಳುತ್ತಿರಲಿಲ್ಲ.

ಗುರುವಾರ ಬೆಳಗ್ಗೆ ಅತ್ತೆ ಹಲ್ಲುನೋವಿಗೆ ಡಾಕ್ಟರ ಹತ್ತಿರ ಹೋದಳು. ಮಗು ಹಿಡಿಯಲು ಯಾರೂ ಇರಲಿಲ್ಲ. ಸೊಸೆ ಕೈ ಒರೆಸಿಕೊಂಡು ಬಂದು ಮೇಜಿನ ಪಕ್ಕ ಕೂತಳು. ಅಜ್ಜ ಕನ್ನಡಕ ಹಾಕಿಕೊಂಡು ಯಂತ್ರವನ್ನು ಮಗುವಿನ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿದ.

ಎಂಬತ್ತೊಂದು.

“ಅಲ್ಲಾಡ್ಬೇಡ ಉಂಡೆ,” ಎಂದ ಅಜ್ಜ. ತೆಗೆದು ಕಾಲು ಉಜ್ಜಿ ಮತ್ತೆ ಹಾಕಿದ. ಎಂಬತ್ನಾಲ್ಕು. ಮತ್ತೆ ಉಜ್ಜಿದ, ಮತ್ತೆ ಹಾಕಿದ. ಅಂಕಿ ಒಂದಷ್ಟು ಹೊತ್ತು ಕುಣಿಯಿತು. ತೊಂಬತ್ಮೂರು ಅಂತ ಒಮ್ಮೆ ಬಂತು. ಅಜ್ಜ ಯಂತ್ರ ತೆಗೆದ, ಪೆನ್ನು ತೆಗೆದುಕೊಂಡ, ದುಂಡಗೆ ಬರೆದ: ತೊಂಬತ್ಮೂರು.

“ಮಾವ, ಉಳಿದೆರಡು ಎಲ್ಲಿ ಬರೆದ್ರಿ?”

“ಯಾವ ಉಳಿದೆರಡು?”

“ಎಂಬತ್ತೊಂದು. ಎಂಬತ್ನಾಲ್ಕು.”

“ಅದನ್ನ್ಯಾಕೆ ಬರೀಲಿ? ಮೂರು ಸಲ ಅಳೆದೆ, ದೊಡ್ಡದನ್ನ ಬರೆದೆ.”

ಅವಳಿಗೆ ಕೂಡಲೇ ಅರ್ಥವಾಗಲಿಲ್ಲ. ಪುಸ್ತಕ ಎಳೆದುಕೊಂಡು ಹಿಂದಿನ ಪುಟ ತಿರುವಿದಳು. ಅದರ ಹಿಂದಿನದು. ಅದರ ಹಿಂದಿನದು.

“ಇದೆಲ್ಲ ಹೀಗೇನಾ?”

“ಹೀಗೇ ಅಂದ್ರೆ? ಅಳತೆ ಬರೆಯೋದು ಇನ್ನು ಹ್ಯಾಗಮ್ಮ?”

“ಇದು ಟಾರ್ಪಾಲಲ್ಲ ಮಾವ!”

ಮನೆಗೆ ಬಂದು ಆರು ವರ್ಷದಲ್ಲಿ ಅವಳು ಮಾವನ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಹೊಲಿಗೆ ಯಂತ್ರ ಬಿಟ್ಟು ಗಂಡ ಓಡಿ ಬಂದ. ಅವಳು ಹೇಳಿದಳು. ಅವನು ಅಪ್ಪನ ಮುಖ ನೋಡಿದ, ಪುಸ್ತಕ ನೋಡಿದ.

“ಕಾಲು ತಣ್ಣಗಿದ್ರೆ ಕಮ್ಮಿ ತೋರಿಸುತ್ತೆ ಅಂತ ನರ್ಸೇ ಹೇಳಿದ್ಳಲ್ಲ. ಅಪ್ಪನದೇನು ತಪ್ಪು?”

ಅದೂ ನಿಜ. ನರ್ಸು ಹಾಗೂ ಹೇಳಿದ್ದಳು. ಮೂರು ಸಲ ನೋಡಿ ಬರೆಯಿರಿ ಅಂದವಳು, ಯಾವುದನ್ನು ಬರೆಯಿರಿ ಅಂತ ಹೇಳಿರಲಿಲ್ಲ. ಕೇಳುವುದಕ್ಕೆ ಇವರಿಗೂ ಹೊಳೆದಿರಲಿಲ್ಲ.

“ಶನಿವಾರ ಗೋದಾಮಿನ ಹೊದಿಕೆ ಕೊಟ್ಬಿಡ್ತೀನಿ. ಸೋಮವಾರ ಹೋಗೋಣ,” ಎಂದ ಗಂಡ.

“ಸೋಮವಾರದ ತನಕ ಯಾವ ಅಂಕಿ ಹಿಡ್ಕೊಂಡು ಕೂರ್ಲಿ? ದೊಡ್ಡದನ್ನೋ ಚಿಕ್ಕದನ್ನೋ?”

ಅವಳು ಮಗುವನ್ನು ಟವೆಲಿನಲ್ಲಿ ಸುತ್ತಿ, ಪುಸ್ತಕವನ್ನೂ ಯಂತ್ರವನ್ನೂ ಚೀಲಕ್ಕೆ ಹಾಕಿ ಬೀದಿಗಿಳಿದಳು. ಹತ್ತು ಗಂಟೆಯ ಬಸ್ಸು ಕಂಡಕ್ಟರ್‌ದೇ. ಅತ್ತಿಗೆ ಕೈ ಅಡ್ಡ ಹಿಡಿದದ್ದು ನೋಡಿ ಅವಳು ಬಾಗಿಲಲ್ಲೇ ಕೂಗಿದಳು:

“ಏನಾಯ್ತು?”

“ಆಸ್ಪತ್ರೆ ಹತ್ರ ನಿಲ್ಸು.”

ಕಂಡಕ್ಟರ್ ಮಗುವಿನ ಮುಖ ನೋಡಿದಳು. ಮುಂದಿನ ಸೀಟಿನವನಿಗೆ, “ಏಳಪ್ಪ, ನಿನ್ನ ಸ್ಟಾಪ್ ಬಂತು,” ಅಂದಳು.

“ನಂದಿನ್ನೂ ಮೂರು ಸ್ಟಾಪಿದೆ.”

“ನಿಂತ್ಕೊಂಡು ಹೋದ್ರೆ ಬೇಗ ಬರುತ್ತೆ, ಏಳು.”

ಡಾಕ್ಟರಮ್ಮ ಪುಸ್ತಕವನ್ನು ಒಂದೊಂದೇ ಪುಟ ತಿರುವಿದರು. “ಅಂಕಿಗಳೆಲ್ಲ ಚೆನ್ನಾಗಿವೆಯಲ್ಲ,” ಅಂದರು. ಮಗುವಿನ ಪಕ್ಕೆಲುಬು ನೋಡಿದರು, ತೂಕ ನೋಡಿದರು, ಮತ್ತೆ ಪುಸ್ತಕ ನೋಡಿದರು. ಸೊಸೆ ಮೂರು ಅಳತೆಯ ಸಂಗತಿ ಹೇಳಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಬಯ್ಯುತ್ತಾರೆ ಅಂದುಕೊಂಡಳು, ಬಯ್ಯಲಿಲ್ಲ. “ಸ್ಕ್ಯಾನ್ ಮಾಡೋಣ, ಈಗಲೇ,” ಅಂದರು.

ಮಧ್ಯಾಹ್ನದ ಹೊತ್ತಿಗೆ ಮನೆಯವರೆಲ್ಲ ಬಂದು ಸೇರಿದರು. ಡಾಕ್ಟರಮ್ಮ ಅದೇ ಚಿತ್ರವನ್ನು ಮತ್ತೆ ಬರೆದರು. ಹೊಲಿದು ಸೇರಿಸಿದ ನಾಲ್ಕು ರಕ್ತನಾಳಗಳಲ್ಲಿ ಎರಡರ ಬಾಯಿ ಕಿರಿದಾಗಿದೆ, ಮೂರನೆಯದು ಕಿರಿದಾಗುತ್ತಿದೆ. ರಕ್ತ ಹಿಂದೆ ನಿಂತು ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಅದಕ್ಕೇ ಕೆಮ್ಮು, ಅದಕ್ಕೇ ಬೆವರು.

“ಒಂಬತ್ತು ಮಕ್ಕಳಿಗೆ ಏನೂ ಆಗಲ್ಲ ಅಂದ್ರಲ್ಲ?” ಎಂದ ಗಂಡ.

“ಹತ್ತರಲ್ಲಿ ಒಂಬತ್ತು ಅಂದಿದ್ದೆ. ಇವಳು ಹತ್ತನೆಯವಳು.”

“ಈಗೇನು ಮಾಡೋದು?”

“ಇನ್ನೊಂದು ಆಪರೇಷನ್. ಈ ವಾರದಲ್ಲೇ ಆಗ್ಬೇಕು.”

“ಆದ್ರೆ ಗುಣ ಆಗುತ್ತಾ?”

“ಮೊದಲನೇ ಸಲದಷ್ಟು ಧೈರ್ಯವಾಗಿ ಹೇಳಲ್ಲ. ಹೆಚ್ಚಿನ ಮಕ್ಕಳಿಗೆ ಪ್ರಯೋಜನ ಆಗುತ್ತೆ. ಕೆಲವರಿಗೆ ಮತ್ತೆ ಮುಚ್ಚುತ್ತೆ. ಯಾರಿಗೆ ಯಾವುದು ಅಂತ ಮುಂಚೆ ಗೊತ್ತಾಗಲ್ಲ.”

“ಮಾಡದೇ ಇದ್ರೆ?”

“ಮಾಡದೇ ಇದ್ರೆ ಏನಾಗುತ್ತೆ ಅಂತ ಮುಂಚೆಯೇ ಗೊತ್ತು,” ಎಂದರು ಡಾಕ್ಟರಮ್ಮ.

ಸೊಸೆ ಒಂದೇ ಪ್ರಶ್ನೆ ಕೇಳಿದಳು. “ಎರಡು ವಾರ ಮುಂಚೆ ಬಂದಿದ್ರೆ?”

“ಬೇಗ ಬಂದಷ್ಟೂ ಒಳ್ಳೇದಿತ್ತು. ಎಷ್ಟು ಒಳ್ಳೇದು ಅಂತ ಕೇಳ್ಬೇಡಿ. ನನಗೂ ಗೊತ್ತಿಲ್ಲ.”

ಅಜ್ಜ ಗೋಡೆಗೆ ಒರಗಿ ನಿಂತಿದ್ದ. ಟೇಪು ಕೊರಳಲ್ಲೇ ಇತ್ತು.

ಕಾರಿಡಾರಿನ ಬೆಂಚಿನಲ್ಲಿ ಜಗಳ ಶುರುವಾಯಿತು. ಮನೆಯಿಂದ ತಂದ ಬ್ರೆಡ್ಡು, ಬೇಯಿಸಿದ ಮೊಟ್ಟೆಯ ಡಬ್ಬಿ ಅತ್ತೆಯ ಮಡಿಲಲ್ಲಿತ್ತು, ಯಾರೂ ಮುಟ್ಟಿರಲಿಲ್ಲ.

“ಒಂದ್ಸಲ ಕುಯ್ದಿದ್ದು ಸಾಕು,” ಎಂದಳು ಅತ್ತೆ. “ಅಂಗೈಯಷ್ಟಿಲ್ಲ ಎದೆ. ಇನ್ನೆಷ್ಟು ಸಲ ಬಿಚ್ಚಿ ಹೊಲೀತಾರೆ?”

“ಬಿಟ್ರೆ ಸಾಯ್ತಾಳೆ ಅತ್ತೆ.”

“ಮಾಡ್ಸಿದ್ರೆ ಬದುಕ್ತಾಳೆ ಅಂತ ಹೇಳಿದ್ರಾ? ಹೇಳಲಿಲ್ಲ. ನಾನೂ ಅಲ್ಲೇ ಇದ್ದೆ, ನನಗೂ ಕಿವಿ ಇದೆ.”

“ನೀವು ಹೇಳಿ,” ಎಂದು ಸೊಸೆ ಗಂಡನ ಕಡೆ ತಿರುಗಿದಳು.

“ನನಗೇನೂ ತಿಳೀತಿಲ್ಲ ಕಣೆ. ನನ್ನ ಕೇಳ್ಬೇಡ.”

“ನಿಮ್ಮನ್ನ ಬಿಟ್ಟು ಪಕ್ಕದ ವಾರ್ಡಿನವರನ್ನ ಕೇಳ್ಲಾ?”

ಅಷ್ಟರಲ್ಲಿ ಅಜ್ಜ ಅಲ್ಲಿರಲಿಲ್ಲ. ಅವನು ಮತ್ತೆ ಡಾಕ್ಟರಮ್ಮನ ಬಾಗಿಲಿಗೆ ಹೋಗಿ ನಿಂತಿದ್ದ.

“ತಾಯೀ, ಒಂದು ಮಾತು. ಮೊದಲನೇ ಸಲ ಬಾಯಿಯ ಅಂಚಿಗೇ ಸೂಜಿ ಹಾಕಿದ್ರಾ, ಸುತ್ತಲೂ?”

ಡಾಕ್ಟರಮ್ಮ ತಲೆ ಎತ್ತಿದರು. “ಹೌದಜ್ಜ.”

“ದುಂಡನೆ ಬಾಯಿಗೆ ಅಂಚಲ್ಲೇ ಸುತ್ತ ಹೊಲಿದ್ರೆ ಮುದುರಿಕೊಳ್ಳುತ್ತೆ. ಟ್ಯಾಂಕಿನ ಮುಸುಕಿಗೆ ನಾನು ಹಾಗೆ ಹೊಲಿಯಲ್ಲ.”

“ಬರೀ ದಾರದಿಂದಲ್ಲ ಅಜ್ಜ. ಕೆಲವು ಮಕ್ಕಳಲ್ಲಿ ರಕ್ತನಾಳದ ಗೋಡೆಯೇ ದಪ್ಪ ಆಗ್ತಾ ಬರುತ್ತೆ, ಯಾಕೆ ಅಂತ ಪೂರ್ತಿ ಗೊತ್ತಿಲ್ಲ. ಆದ್ರೆ ಈ ಸಲ ಅಂಚಿಗೆ ಸೂಜಿ ತಾಗಿಸಲ್ಲ. ಕಿರಿದಾದ ಭಾಗ ಬಿಡಿಸಿ, ಸುತ್ತ ಇರೋ ಪೊರೆಗೆ, ದೂರದಲ್ಲಿ ಹೊಲಿಯೋದು.”

“ಬಾಯಿ ಮುಟ್ಟದೆ, ಅಗಲಕ್ಕೆ.”

“ಹಾಗೇ.”

ಅಜ್ಜ ಬೆಂಚಿನ ಹತ್ತಿರ ಬಂದ. “ಸಹಿ ಹಾಕು,” ಎಂದ ಮಗನಿಗೆ. “ಹೊಲಿಗೆ ಸರಿ ಇದೆ. ನಾನು ಕೇಳ್ಕೊಂಡು ಬಂದೆ.”

ಮಗ ಎದ್ದು ನಿಂತ. “ನೀನು ಹೇಳಿದ್ದು ಸರಿ ಇದೆ ಅಂತ ನಂಬ್ಕೊಂಡೇ ಅಲ್ವೇನಪ್ಪ ನಾವು ಇಲ್ಲಿ ಕೂತಿರೋದು?”

ಅತ್ತೆ ಮೊಟ್ಟೆ ಸುಲಿಯತೊಡಗಿದಳು. ಸೊಸೆ ಒಳಗೆ ಹೋಗಿ ತಾನೇ ಸಹಿ ಹಾಕಿ ಬಂದಳು.

ಆಪರೇಷನ್ ಆಯಿತು. ಏಳು ಗಂಟೆ ಹಿಡಿಯಿತು. ಆಮೇಲೆ ಹನ್ನೊಂದು ದಿನ ಮಗು ಗಾಜಿನ ಆಚೆ ಇತ್ತು, ಮೈಯೆಲ್ಲ ನಳಿಕೆ. ಸೊಸೆ ಆಸ್ಪತ್ರೆಯಲ್ಲೇ ಉಳಿದಳು. ಅತ್ತೆ ಎರಡು ಹೊತ್ತು ಡಬ್ಬಿ ಕಟ್ಟಿದಳು. ಕಂಡಕ್ಟರ್ ಬಸ್ಸಿನಲ್ಲಿ ತಂದು ಕೊಟ್ಟಳು. ಬೇಳೆಗೆ ಉಪ್ಪು ಸರಿಯಾಗಿರುತ್ತಿತ್ತು. ಒಮ್ಮೆ ಡಬ್ಬಿಯ ಮುಚ್ಚಳದಲ್ಲಿ ಅತ್ತೆ ಮೂಸಂಬಿ ಸುಲಿದು ಇಟ್ಟಿದ್ದಳು, ನಾರು ಬೀಜ ಎಲ್ಲ ತೆಗೆದು. ಸೊಸೆ ಅದನ್ನು ತಿನ್ನುತ್ತ ಅತ್ತಳು. ಯಾಕೆ ಅಂತ ಅವಳಿಗೂ ಗೊತ್ತಾಗಲಿಲ್ಲ.

ಒಂದು ದಿನ ಕಾಲಿನ ಊತ ಇಳಿದಿದೆ ಅನ್ನುತ್ತಿದ್ದರು, ಮರುದಿನ ಜ್ವರ. ಒಬ್ಬ ಡಾಕ್ಟರ್ ಪರವಾಗಿಲ್ಲ ಅಂದರೆ ಇನ್ನೊಬ್ಬರು ನೋಡೋಣ ಅನ್ನುತ್ತಿದ್ದರು. ಮನೆಯಲ್ಲಿ ಗಂಡ ಫೋನು ಎತ್ತಿದ ಕೂಡಲೇ, “ಒಳ್ಳೇದಾ ಕೆಟ್ಟದ್ದಾ, ಅಷ್ಟು ಹೇಳು,” ಅನ್ನುತ್ತಿದ್ದ.

“ನನಗೆ ಗೊತ್ತಾಗ್ತಿಲ್ಲ ರೀ.”

“ಅಲ್ಲೇ ಇದ್ದೀಯ, ಗೊತ್ತಾಗ್ತಿಲ್ಲ ಅಂದ್ರೆ?”

“ಅಲ್ಲೇ ಇದ್ದೀನಿ. ಗೊತ್ತಾಗ್ತಿಲ್ಲ.”

ಅಜ್ಜ ದಿನವೂ ಬರುತ್ತಿದ್ದ. ಗಾಜಿನ ಹೊರಗೆ ಅರ್ಧ ಗಂಟೆ ನಿಂತು ಹೋಗುತ್ತಿದ್ದ. ಸೊಸೆ ಮಾತಾಡಿಸಲಿಲ್ಲ. ಸಿಟ್ಟಿನಿಂದಲ್ಲ. ಏನು ಮಾತಾಡಬೇಕು ಅಂತ ಹೊಳೆಯುತ್ತಿರಲಿಲ್ಲ.

ಐದನೇ ವಾರ ಮಗು ಮನೆಗೆ ಬಂತು. ಮೂರು ರಕ್ತನಾಳ ತೆರೆದಿವೆ, ಒಂದು ಇನ್ನೂ ಕಿರಿದೇ ಇದೆ ಅಂದಿದ್ದರು. ಮೂರರಿಂದ ಬದುಕಬಹುದು. ತಿಂಗಳಿಗೊಮ್ಮೆ ಸ್ಕ್ಯಾನು, ಮತ್ತೆ ಕಿರಿದಾದರೆ ಬಲೂನು ಹಾಕಿ ಹಿಗ್ಗಿಸುತ್ತೇವೆ, ಒಂದು ವರ್ಷ ದಾಟಿದರೆ ನಮಗೂ ಸ್ವಲ್ಪ ಧೈರ್ಯ. ಪಕ್ಕದ ಮನೆಯವಳು ಬಂದು, “ಗುಣ ಆಯ್ತಲ್ಲ?” ಅಂದಾಗ ಅತ್ತೆ ಹೌದು ಅಂದಳು, ಗಂಡ ಇಲ್ಲ ಅಂದ, ಇಬ್ಬರೂ ಒಟ್ಟಿಗೇ.

“ಮುಕ್ಕಾಲು,” ಎಂದಳು ಕಂಡಕ್ಟರ್.

ಆದರೆ ಮಗು ಬಾಟಲಿಯನ್ನು ಇಪ್ಪತ್ತೈದು ನಿಮಿಷಕ್ಕೆ ಮುಗಿಸುತ್ತಿತ್ತು. ಮೊದಲ ಸಲ ಮುಗಿಸಿದಾಗ ಅತ್ತೆ ಖಾಲಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ ತೊಳೆದಿಟ್ಟಳು. ಅಳತೆಯ ಪುಸ್ತಕ ಈಗ ಸೊಸೆಯ ಕೈಯಲ್ಲಿತ್ತು. ಮೂರು ಸಲ ನೋಡುತ್ತಿದ್ದಳು, ಮೂರನ್ನೂ ಬರೆಯುತ್ತಿದ್ದಳು. ಅಜ್ಜ ಆ ಹೊತ್ತಿಗೆ ಹಿತ್ತಲಿಗೆ ಹೋಗಿಬಿಡುತ್ತಿದ್ದ. ತೊಟ್ಟಿಲನ್ನು ಮುಂದಿನ ಕೋಣೆಗೆ, ಕಿಟಕಿಯ ಬೆಳಕಿಗೆ ತಂದು ಕಟ್ಟಿದ್ದ. ಆದರೆ ಮಗುವನ್ನು ಎತ್ತಿಕೊಳ್ಳುತ್ತಿರಲಿಲ್ಲ. ಉಂಡೆ ಅಂತ ಕರೆಯುವುದನ್ನೂ ಬಿಟ್ಟಿದ್ದ.

ಮಗು ಮನೆಗೆ ಬಂದ ಮೂರನೇ ವಾರದ ಒಂದು ಬೆಳಗ್ಗೆ ಲಾರಿಯೊಂದು ಮನೆ ಮುಂದೆ ನಿಂತಿತು. ಡ್ರೈವರು ಮಡಚಿದ ಹೊದಿಕೆಯನ್ನು ಹೆಗಲ ಮೇಲೆ ಹೊತ್ತು ನೇರ ಹಿತ್ತಲಿಗೆ ಬಂದು ಮೇಜಿನ ಮೇಲೆ ಧೊಪ್ಪನೆ ಹಾಕಿದ.

“ಅಜ್ಜ, ನಾನು ಲಾರಿಗೆ ಕಂಬಳಿ ಕೇಳಿದ್ದೆ. ನೀನು ಚಡ್ಡಿ ಹೊಲಿದು ಕೊಟ್ಟಿದ್ದೀಯ.”

“ಏನಾಯ್ತು?” ಎಂದ ಮಗ.

“ಹಿಂದೆ ಎರಡಡಿ ಗಿಡ್ಡ. ಮೂಟೆ ಎಲ್ಲ ನೆಂದು ಹೋಯ್ತು. ಹತ್ತು ವರ್ಷದಿಂದ ಇಲ್ಲೇ ಹೊಲಿಸ್ತಿದ್ದೀನಿ, ಹೀಗೆ ಯಾವತ್ತೂ ಆಗಿರ್ಲಿಲ್ಲ.”

ಮಗ ಮೇಜಿನ ಮೇಲಿನ ಸೀಮೆಸುಣ್ಣದ ಗುರುತು ನೋಡಿದ. ಮೂರು ಅಳತೆಯನ್ನೂ ಬರೆದಿತ್ತು. ಚಿಕ್ಕದರ ಸುತ್ತ ಸೊನ್ನೆ ಸುತ್ತಿತ್ತು.

“ಚಿಕ್ಕದಕ್ಕೆ ಕತ್ತರಿಸಿದ್ಯಾ? ಅಪ್ಪಾ! ಚಿಕ್ಕದಕ್ಕೆ?”

ಡ್ರೈವರು ಮಗನಿಗೆ ಹೊಸದು ಹೊಲಿಯಲು ಹೇಳಿ ಹೋದ. ಮಗನ ಸಿಟ್ಟು ಆಮೇಲೆ ಕಟ್ಟೆಯೊಡೆಯಿತು.

“ಮಗು ಹತ್ರ ದೊಡ್ಡದು, ಲಾರಿ ಹತ್ರ ಚಿಕ್ಕದು! ಇನ್ನು ಯಾವುದನ್ನ ಹಾಳು ಮಾಡೋಕೆ ಬಾಕಿ ಇದೆ? ನಾಳೆಯಿಂದ ಟೇಪು ಮುಟ್ಬೇಡ. ಸುಮ್ನೆ ಕೂತ್ಕೋ, ಊಟ ಮಾಡು, ಮಲಗು.”

“ಬಾಯಿ ಮುಚ್ಚೋ,” ಎಂದು ಅತ್ತೆ ಅಡುಗೆಮನೆಯಿಂದ ಓಡಿ ಬಂದಳು. “ನಿನಗೆ ಸೂಜಿಗೆ ದಾರ ಪೋಣಿಸೋಕೆ ಕಲಿಸಿದ್ದು ಯಾರು?”

“ಅದನ್ನೇ ಹೇಳ್ತಿದ್ದೀನಿ! ಅವನೇ ಕಲಿಸಿದ್ದು, ಅವನೇ ಮರೆತ!”

ಗಲಾಟೆಗೆ ಸೊಸೆ ಮಗುವನ್ನು ಎತ್ತಿಕೊಂಡು ಹಿತ್ತಲ ಬಾಗಿಲಿಗೆ ಬಂದಳು. ಅಜ್ಜ ಅವಳನ್ನು ನೋಡಿದ. ಮಗನನ್ನು ಬಿಟ್ಟು ಅವಳ ಹತ್ತಿರ ಮಾತಾಡಿದ.

“ಅಮ್ಮಾ, ನೀನು ಮೂರೂ ಬರೀತೀಯಲ್ಲ.”

“ಹ್ಞೂಂ ಮಾವ.”

“ಒಳ್ಳೇದು. ನಾನೂ ಮೂರೂ ಬರೆದೆ. ಬರೆದಾದ ಮೇಲೆ ಯಾವುದಕ್ಕೆ ಕತ್ತರಿಸೋದು?”

ಅವಳು ಮಾವನ ಮುಖ ನೋಡಿದಳು. ಹೊಟ್ಟೆಗೆ ಹಾಕಿಕೊಂಡು ಏನಾದರೂ ಹೇಳಬಹುದಿತ್ತು. ಲಾರಿಗೆ ಮೊದಲಿನ ಹಾಗೇ ಮಾಡಿ ಮಾವ, ಅದರಲ್ಲಿ ನಿಮ್ಮ ತಪ್ಪಿರಲಿಲ್ಲ ಅನ್ನಬಹುದಿತ್ತು. ಎಂಬತ್ತೊಂದು ನೆನಪಾಯಿತು. ಹೊಲಿಗೆ ಸರಿ ಇದೆ, ಸಹಿ ಹಾಕು ಅಂದದ್ದೂ ನೆನಪಾಯಿತು.

“ಗೊತ್ತಿಲ್ಲ ಮಾವ,” ಅಂದಳು.

ಅಜ್ಜ ತಲೆಯಾಡಿಸಿದ. ಕೊರಳಿಂದ ಟೇಪು ತೆಗೆದು, ಸುರುಳಿ ಸುತ್ತಿ, ಮೇಜಿನ ಮೇಲಿಟ್ಟ. ಚಪ್ಪಲಿ ಮೆಟ್ಟಿಕೊಂಡ.

“ಎಲ್ಲಿಗೆ?” ಎಂದಳು ಅತ್ತೆ.

“ಸೀಮೆಸುಣ್ಣ ಮುಗಿದಿದೆ. ತರ್ತೀನಿ.”

“ಊಟದ ಹೊತ್ತಾಯ್ತು.”

“ನೀವು ಶುರು ಮಾಡಿ.”

ಬಾಗಿಲು ದಾಟುವಾಗ ಮಗುವಿನ ಕಾಲಿನ ಹೆಬ್ಬೆರಳನ್ನು ಎರಡು ಬೆರಳಲ್ಲಿ ಹಿಡಿದು ಒಮ್ಮೆ ಉಜ್ಜಿದ, ಬೆಚ್ಚಗೆ ಮಾಡುವವನ ಹಾಗೆ. ಆಮೇಲೆ ಬೀದಿಗಿಳಿದು ಹೋದ.

ಅತ್ತೆ ಅವನ ತಟ್ಟೆಗೆ ಅನ್ನ ಬಡಿಸಿ ಮೇಲೊಂದು ತಟ್ಟೆ ಮುಚ್ಚಿದಳು. ಮಗ ಊಟ ಮಾಡಿದ, ಹೊಸ ಹೊದಿಕೆ ಅಳೆಯಲು ಟೇಪು ತೆಗೆದುಕೊಂಡ. ಸೀಮೆಸುಣ್ಣಕ್ಕೆಂದು ಮೇಜಿನ ಕೆಳಗೆ ಕೈ ಹಾಕಿದರೆ ಡಬ್ಬಿ ಸಿಕ್ಕಿತು. ತುಂಬಿತ್ತು. ಅವನು ಡಬ್ಬಿ ಹಿಡಿದು ಅಲ್ಲೇ ನಿಂತ.

“ಪೇಟೆ ಕಡೆ ನೋಡಿ ಬನ್ನಿ,” ಎಂದಳು ಸೊಸೆ.

ನೋಡಿ ಬಂದ. ಆಸ್ಪತ್ರೆಯ ಹತ್ತಿರವೂ ಹೋಗಿ ಬಂದ. ಕಂಡಕ್ಟರ್ ಕೆಲಸ ಮುಗಿಸಿ ಬಂದವಳು ಬಸ್ ಸ್ಟ್ಯಾಂಡಿಗೆ ಹಾಗೇ ವಾಪಸ್ ಹೋದಳು; ಎಲ್ಲ ಡ್ರೈವರುಗಳನ್ನೂ ಕೇಳಿದಳು. ಕೊರಳಲ್ಲಿ ಟೇಪಿಲ್ಲದ ಟೇಪಿನಜ್ಜನನ್ನು ಯಾರೂ ಗುರುತಿಸಿರಲಿಲ್ಲ.

ಸಂಜೆ ಸೊಸೆ ಕಿಟಕಿಯ ಹತ್ತಿರ ಕೂತು ಮಗುವಿನ ಕಾಲಿಗೆ ಯಂತ್ರ ಸಿಕ್ಕಿಸಿದಳು. ತೊಂಬತ್ನಾಲ್ಕು. ತೆಗೆದು ಮತ್ತೆ ಹಾಕಿದಳು. ತೊಂಬತ್ನಾಲ್ಕು. ಮೂರನೇ ಸಲ ಹಾಕಿ, ಅಂಕಿ ನಿಲ್ಲುವ ತನಕ ಕಾದಳು. ತೊಂಬತ್ನಾಲ್ಕು. ಪುಸ್ತಕ ಅವಳ ಕೈಗೆ ಬಂದಾಗಿನಿಂದ ಮೂರೂ ಒಂದೇ ಬಂದದ್ದು ಅದೇ ಮೊದಲು.

“ಮಾವ,” ಎಂದು ಹಿತ್ತಲ ಕಡೆ ಕೂಗಿಬಿಟ್ಟಳು.

ಅತ್ತೆ ಮುಚ್ಚಿದ ತಟ್ಟೆಯ ಪಕ್ಕ ಕೂತಿದ್ದವಳು ತಲೆ ಎತ್ತಿ ಬಾಗಿಲು ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಆ ದಿನ ಅವನು ಬರಲಿಲ್ಲ. ಮಗುವಿನ ಮುಂದಿನ ಸ್ಕ್ಯಾನಿನ ದಿನವೂ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ.